ಸ್ಕೋರು ಚಲೋ ಐತಿ, ಆದರೂ ಕಾರ್ಡ್ ಯಾಕಿಲ್ಲ?

‘ಕ್ಷಮಿಸಿ, ಸದ್ಯಕ್ಕೆ ನಿಮ್ಮ ಅರ್ಜಿಯನ್ನು ಪುರಸ್ಕರಿಸಲು ಸಾಧ್ಯವಾಗುತ್ತಿಲ್ಲ...’

ಮೊಬೈಲಿಗೆ ಬಂದ ಈ ಒಂದೇ ಸಾಲನ್ನು ನಮ್ಮನೆಯವರು ಮೂರು ಸಲ ಓದಿದರು. ಮೂರನೇ ಸಲ ಓದುವಷ್ಟರಲ್ಲಿ ಹಂಚಿನ ಮೇಲಿದ್ದ ರೊಟ್ಟಿ ಸೀದು ಹೋಗಿತ್ತು.

‘ಸ್ಕೋರು 781 ಐತಿ. ಒಂದು ತಿಂಗಳೂ ಕಂತು ತಪ್ಪಿಸಿಲ್ಲ. ಮತ್ತ ಯಾಕ ಇಲ್ಲ ಅಂತಾರ ಇವರು?’ ಅಂತ ನನ್ನನ್ನೇ ಕೇಳಿದರು. ನನಗೇನು ಗೊತ್ತು? ಮನೆಯ ಲೆಕ್ಕದ ವಹಿ ಬರೆಯುವವಳು ನಾನು ನಿಜ. ಹಾಲಿನ ಲೆಕ್ಕ, ಕಿರಾಣಿ ಲೆಕ್ಕ, ಮಕ್ಕಳ ಫೀ, ಎಲ್ಲ ಬಾಯಿಪಾಠ. ಆದರೆ ಬ್ಯಾಂಕಿನವರ ಮನಸ್ಸಿನ ಲೆಕ್ಕ ನನಗೆಲ್ಲಿಂದ ತಿಳಿಯಬೇಕು?

ನಮ್ಮ ತಿಳವಳ್ಳಿಯಂಥ ಊರಿನಲ್ಲಿ ಸಾಲ ಕೇಳಿ ‘ಇಲ್ಲ’ ಅನ್ನಿಸಿಕೊಳ್ಳುವುದು ಸಣ್ಣ ಮಾತಲ್ಲ. ಅದು ಮರ್ಯಾದೆಯ ಪ್ರಶ್ನೆ. ‘ಅವರ ಮನ್ಯಾಗ ಏನೋ ಐತಿ, ಅದಕ್ಕ ಕೊಡಲಿಲ್ಲ’ ಅಂತ ನಾಲ್ಕು ಜನ ಆಡಿಕೊಂಡಾರು ಎಂಬ ಭಯ. ಆ ಭಯದಿಂದ ನಾವು ಯಾರಿಗೂ ಹೇಳದೆ ಎರಡು ತಪ್ಪು ಮಾಡಿದೆವು. ನಿಮ್ಮಲ್ಲಿ ಯಾರಿಗಾದರೂ ಇಂಥದೇ ಮೆಸೇಜ್ ಬಂದಿದ್ದರೆ ಆ ತಪ್ಪುಗಳನ್ನು ನೀವು ಮಾಡಬಾರದು ಅಂತಲೇ ಈ ಬರಹ.

ಕಾರ್ಡ್ ಉಜ್ಜಿದ ದಿನ

2025ರ ಆರಂಭದಲ್ಲಿ ನಮ್ಮ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಕೈಯಲ್ಲಿದ್ದ ದುಡ್ಡನ್ನೆಲ್ಲ ಕಟ್ಟಿದ ಮೇಲೂ 1,20,000 ರೂಪಾಯಿ ಕಡಿಮೆ ಬಿತ್ತು. ನಮ್ಮನೆಯವರು ಬೀಜದ ಕಂಪನಿಯೊಂದರಲ್ಲಿ ಫೀಲ್ಡ್ ಆಫೀಸರ್. ಸಂಬಳದ ಖಾತೆಯ ಜೊತೆಗೇ ಬಂದಿದ್ದ ಕ್ರೆಡಿಟ್ ಕಾರ್ಡ್ ಜೇಬಿನಲ್ಲಿತ್ತು, ಅದರ ಮಿತಿ ಒಂದೂವರೆ ಲಕ್ಷ. ಆರು ವರ್ಷ ಅದನ್ನು ಪೆಟ್ರೋಲಿಗೆ, ಹಬ್ಬದ ಬಟ್ಟೆಗೆ ಬಳಸಿ ತಿಂಗಳ ಕೊನೆಗೆ ಪೂರ್ತಿ ಕಟ್ಟಿ ಮುಗಿಸುತ್ತಿದ್ದೆವು. ಅವತ್ತು ಆಸ್ಪತ್ರೆಯ ಕೌಂಟರಿನಲ್ಲಿ ಉಜ್ಜಿದೆವು. ಆ ಗಳಿಗೆಯಲ್ಲಿ ಅದು ದೇವರು ಕೊಟ್ಟ ಕಾರ್ಡ್ ಅನ್ನಿಸಿತ್ತು.

ಬಿಲ್ ಬಂದಾಗ ಪೂರ್ತಿ ಕಟ್ಟಲು ಆಗಲಿಲ್ಲ. ‘ಮಿನಿಮಮ್ ಡ್ಯೂ’ ಅಂದರೆ ಕನಿಷ್ಠ ಮೊತ್ತ ಕಟ್ಟಿದರೆ ಸಾಕು ಅಂತ ಬಿಲ್ಲಿನಲ್ಲೇ ಇತ್ತಲ್ಲ! ಒಟ್ಟು ಬಾಕಿಯ ಶೇ 5ರಷ್ಟು. ತಿಂಗಳಿಗೆ ಆರು ಸಾವಿರ ಚಿಲ್ಲರೆ. ಪರವಾಗಿಲ್ಲ, ಕಟ್ಟಬಹುದು ಅಂದುಕೊಂಡೆವು.

ಆರು ತಿಂಗಳಾದ ಮೇಲೆ ಒಂದು ಸಂಜೆ ವಹಿ ತೆಗೆದು ಕೂಡಿಸಿದೆ. ಎದೆ ಧಸಕ್ಕೆಂದಿತು. ಆರು ತಿಂಗಳಲ್ಲಿ ಕಟ್ಟಿದ್ದು ಸುಮಾರು 36,500 ರೂಪಾಯಿ. ಸಾಲ ಕಡಿಮೆಯಾಗಿದ್ದು ಬರೀ ಏಳೂವರೆ ಸಾವಿರ! ಉಳಿದದ್ದೆಲ್ಲ ಎಲ್ಲಿಗೆ ಹೋಯಿತು?

ಲೆಕ್ಕ ಹೀಗಿದೆ ನೋಡಿ. ನಮ್ಮ ಕಾರ್ಡಿನ ಬಡ್ಡಿ ತಿಂಗಳಿಗೆ ಶೇ 3.5. ಕೇಳಲು ಸಣ್ಣದು, ವರ್ಷಕ್ಕೆ ಶೇ 42! 1,20,000ಕ್ಕೆ ತಿಂಗಳ ಬಡ್ಡಿ 4,200 ರೂಪಾಯಿ. ಆ ಬಡ್ಡಿಯ ಮೇಲೆ ಮತ್ತೆ ಶೇ 18 ಜಿಎಸ್‌ಟಿ, ಅದು 756. ಒಟ್ಟು 4,956. ಅಂದರೆ ನಾವು ಕಟ್ಟಿದ ಆರು ಸಾವಿರದಲ್ಲಿ ಐದು ಸಾವಿರ ಬಡ್ಡಿಗೇ ಜಮಾ. ಇದರ ಜೊತೆಗೆ ಇನ್ನೊಂದು ಪೆಟ್ಟು. ಹಳೇ ಬಾಕಿ ಇರುವಾಗ ಹೊಸದಾಗಿ ಏನೇ ಕೊಂಡರೂ ಅದಕ್ಕೆ ಬಡ್ಡಿರಹಿತ ದಿನಗಳು ಸಿಗುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ ಶುರು.

ಇಷ್ಟು ಬಡ್ಡಿಗೆ ಕಡಿವಾಣ ಇಲ್ಲವೇ ಅಂತ ನೀವು ಕೇಳಬಹುದು. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವು ಕಾರ್ಡಿನ ಬಾಕಿಗೆ ವರ್ಷಕ್ಕೆ ಶೇ 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನುಚಿತ ಎಂದು ಹೇಳಿತ್ತು. ಆದರೆ 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಹಾಗಾಗಿ ಕೋರ್ಟು ಬಂದು ಕಾಪಾಡೀತು ಅಂತ ಕೂರುವಂತಿಲ್ಲ. ನಮ್ಮ ಲೆಕ್ಕ ನಾವೇ ನೋಡಿಕೊಳ್ಳಬೇಕು.

ಬಾಕಿ ವರ್ಗಾವಣೆ ಎಂಬ ದಾರಿ

ಆಗ ಕಣ್ಣಿಗೆ ಬಿದ್ದದ್ದು ‘ಬ್ಯಾಲೆನ್ಸ್ ಟ್ರಾನ್ಸ್‌ಫರ್’. ಹೆಸರು ದೊಡ್ಡದು, ಸಂಗತಿ ಸರಳ. ಒಂದು ಬ್ಯಾಂಕಿನ ಕಾರ್ಡಿನಲ್ಲಿರುವ ಬಾಕಿಯನ್ನು ಇನ್ನೊಂದು ಬ್ಯಾಂಕಿನ ಕಾರ್ಡಿಗೆ ಸಾಗಿಸುವುದು. ಹೊಸ ಬ್ಯಾಂಕು ಹಳೇ ಬ್ಯಾಂಕಿಗೆ ದುಡ್ಡು ಕಟ್ಟುತ್ತದೆ. ನಾವು ಹೊಸ ಬ್ಯಾಂಕಿಗೆ ಕಡಿಮೆ ಬಡ್ಡಿಯಲ್ಲಿ ಕಂತು ಕಂತಾಗಿ ತೀರಿಸಬೇಕು. ಕಡಿಮೆ ಬಡ್ಡಿ ಇರುವುದು ಕೆಲವೇ ತಿಂಗಳು. ಆ ಅವಧಿಯೊಳಗೆ ತೀರಿಸದಿದ್ದರೆ ಮತ್ತೆ ಮಾಮೂಲಿ ದರ. ಮೇಲೆ ಸೇವಾ ಶುಲ್ಕ ಬೇರೆ. ಕೂಡಿಸಿ ಕಳೆದು ನೋಡಿದರೂ ನಮಗೆ ಲಾಭವೇ ಇತ್ತು. ಅರ್ಜಿ ಹಾಕಿದೆವು. ಬಂದದ್ದು ಮೇಲೆ ಹೇಳಿದ ಮೆಸೇಜು.

ಇನ್ನು ನಾವು ಮಾಡಿದ ತಪ್ಪು ಕೇಳಿ. ಸಿಟ್ಟಿನಲ್ಲಿ ನಮ್ಮನೆಯವರು ಅದೇ ವಾರ ಇನ್ನೆರಡು ಬ್ಯಾಂಕಿಗೆ ಅರ್ಜಿ ಹಾಕಿದರು. ‘ಒಂದಿಲ್ಲಂದ್ರ ಇನ್ನೊಂದು ಕೊಡತೈತಿ ಬಿಡು.’ ಒಂದು ಬ್ಯಾಂಕಿನ ಹುಡುಗಿ ಫೋನಿನಲ್ಲಿ, ‘ಸರ್, ನಿಮ್ಮ ಪಿನ್ ಕೋಡಿಗೆ ನಮ್ಮ ಕಾರ್ಡ್ ಸೇವೆ ಇಲ್ಲ’ ಅಂದಳು. ಹಳ್ಳಿಯಲ್ಲಿರುವುದೂ ಒಂದು ಕಾರಣವಾಗಬಹುದು ಅಂತ ಅವತ್ತೇ ಗೊತ್ತಾಗಿದ್ದು. ಇನ್ನೊಂದು ಬ್ಯಾಂಕಿನಿಂದ ಮತ್ತದೇ ‘ಕ್ಷಮಿಸಿ’. ನೋಡನೋಡುತ್ತ 781 ಇದ್ದದ್ದು 760ಕ್ಕೆ ಇಳಿಯಿತು. ಪ್ರತಿ ಅರ್ಜಿಗೂ ಬ್ಯಾಂಕು ನಮ್ಮ ವರದಿ ತೆಗೆದು ನೋಡುತ್ತದೆ. ಸಾಲು ಸಾಲಾಗಿ ಅರ್ಜಿ ಬಿದ್ದರೆ ‘ಇವರಿಗೆ ದುಡ್ಡಿನ ತುರ್ತು ಬಹಳ ಇದ್ದಂಗಿದೆ’ ಅಂತ ಲೆಕ್ಕ. ನಮ್ಮ ವರದಿಯನ್ನು ನಾವೇ ನೋಡಿಕೊಂಡರೆ ಮಾತ್ರ ಸ್ಕೋರು ಇಳಿಯುವುದಿಲ್ಲ.

ಎರಡನೇ ತಪ್ಪು, ಕಾರಣ ಕೇಳದೇ ಸುಮ್ಮನಾದದ್ದು.

ಕಾರಣ ಕೇಳುವುದು ನಿಮ್ಮ ಹಕ್ಕು

‘ಅವರು ಇಲ್ಲ ಅಂದ ಮ್ಯಾಲೆ ಮತ್ತ ಯಾಕ ಕೇಳಬೇಕು? ಹಲ್ಲು ಗಿಂಜಿದಂಗಾಗತೈತಿ’ ಅಂದರು ನಮ್ಮನೆಯವರು. ನನಗೆ ಸಮಾಧಾನವಾಗಲಿಲ್ಲ. ಹುಡುಕಿ ಓದಿದಾಗ ಗೊತ್ತಾಯಿತು. ಕಾರ್ಡ್ ಅರ್ಜಿಯನ್ನು ತಿರಸ್ಕರಿಸಿದರೆ ಅದಕ್ಕೆ ನಿರ್ದಿಷ್ಟ ಕಾರಣವೇನು ಎಂಬುದನ್ನು ಬ್ಯಾಂಕು ಲಿಖಿತವಾಗಿ ತಿಳಿಸಬೇಕು. 2022ರಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಕ್ರೆಡಿಟ್ ಕಾರ್ಡ್ ನಿರ್ದೇಶನಗಳಲ್ಲೇ ಇದು ಸ್ಪಷ್ಟವಾಗಿದೆ. ‘ನಿಮ್ಮ ಅರ್ಜಿ ನಮ್ಮ ಆಂತರಿಕ ನೀತಿಗೆ ಹೊಂದುತ್ತಿಲ್ಲ’ ಅಂತ ಅಡ್ಡಗೋಡೆಯ ಮೇಲೆ ದೀಪ ಇಟ್ಟರೆ ಸಾಲದು.

ಮೊದಲ ಬ್ಯಾಂಕಿನ ದೂರು ವಿಭಾಗಕ್ಕೆ ನಾಲ್ಕೇ ಸಾಲಿನ ಇ-ಮೇಲ್ ಬರೆದೆ. ಅರ್ಜಿ ಸಂಖ್ಯೆ, ದಿನಾಂಕ, ‘ತಿರಸ್ಕಾರಕ್ಕೆ ನಿರ್ದಿಷ್ಟ ಕಾರಣವನ್ನು ಲಿಖಿತವಾಗಿ ತಿಳಿಸಿ’ ಎಂಬ ಕೋರಿಕೆ, ಅಷ್ಟೇ. ಹನ್ನೆರಡು ದಿನಕ್ಕೆ ಉತ್ತರ ಬಂತು. ‘ಆದಾಯಕ್ಕೆ ಹೋಲಿಸಿದರೆ ಈಗಾಗಲೇ ಇರುವ ಸಾಲದ ಹೊಣೆ ಹೆಚ್ಚಾಗಿದೆ.’

ಹೆಚ್ಚು? ನಮ್ಮದು ಇರುವುದೇ ಒಂದು ಕಾರ್ಡಿನ ಬಾಕಿ. ಮನೆ ಸಾಲ ಇಲ್ಲ, ಗಾಡಿ ಸಾಲ ಮುಗಿದು ನಾಲ್ಕು ವರ್ಷವಾಯಿತು. ಮತ್ತೆ ಇದ್ಯಾವ ಹೊಣೆ?

ಸ್ಕೋರು ಹೇಳದ ಮಾತು ವರದಿ ಹೇಳಿತು

ನಮ್ಮ ಕಡೆ ಎಲ್ಲದಕ್ಕೂ ‘ಸಿಬಿಲ್’ ಅಂತಲೇ ಹೆಸರು. ಆದರೆ ದೇಶದಲ್ಲಿ ಇಂಥ ಸಾಲ ಮಾಹಿತಿ ಸಂಸ್ಥೆಗಳು ನಾಲ್ಕಿವೆ. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈಮಾರ್ಕ್. ಸ್ಕೋರು 300ರಿಂದ 900ರವರೆಗೆ. ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಸ್ಕೋರಿನ ಸಮೇತ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. 2017ರ ಜನವರಿಯಿಂದಲೇ ಈ ಸೌಲಭ್ಯ ಇದೆ. ನಮ್ಮಲ್ಲಿ ಎಷ್ಟು ಜನ ಬಳಸಿದ್ದೇವೆ? ನಾನಂತೂ ಅವತ್ತಿನವರೆಗೆ ಬಳಸಿರಲಿಲ್ಲ. ಆ್ಯಪಿನಲ್ಲಿ ಹಸಿರು ಬಣ್ಣದಲ್ಲಿ ಹೊಳೆಯುವ ಮೂರು ಅಂಕಿ ನೋಡಿ ಖುಷಿಪಟ್ಟಿದ್ದೇ ಬಂತು.

ಮಧ್ಯಾಹ್ನ ಮಕ್ಕಳು ಶಾಲೆಗೆ ಹೋದ ಮೇಲೆ ನಮ್ಮನೆಯವರ ಮೊಬೈಲಿನಲ್ಲಿ ಒಂದೊಂದೇ ವರದಿ ತೆಗೆದೆವು. ಎರಡನೆಯದರಲ್ಲಿ ಕಂಡಿತು. ‘ಟ್ರ್ಯಾಕ್ಟರ್ ಸಾಲ, 6,00,000 ರೂಪಾಯಿ, ಜಾಮೀನುದಾರ, ಚಾಲ್ತಿ.’

ನಮ್ಮನೆಯವರು ಹಣೆ ಹಣೆ ಬಡಿದುಕೊಂಡರು. 2018ರಲ್ಲಿ ಅವರ ಕಾಕಾನ ಮಗ ಟ್ರ್ಯಾಕ್ಟರ್ ತಗೊಂಡಾಗ ಜಾಮೀನಿಗೆ ಸಹಿ ಹಾಕಿದ್ದರು. ಹಾಕಿದ್ದು ನನಗೂ ಗೊತ್ತಿರಲಿಲ್ಲ, ಅವರಿಗೂ ಮರೆತೇ ಹೋಗಿತ್ತು. ಹಳ್ಳಿಯಲ್ಲಿ ಜಾಮೀನು ಅಂದರೆ ಏನು ಮಹಾ? ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ‘ಅಣ್ಣಾ, ಇಲ್ಲೊಂದು ಸಹಿ’ ಅಂದರೆ ಹಾಕಿ ಬರುವುದೇ. ಇಲ್ಲ ಅಂದರೆ ಸಂಬಂಧವೇ ಕೆಟ್ಟು ಹೋಗುತ್ತದೆ. ಆದರೆ ಬ್ಯಾಂಕಿನ ಕಣ್ಣಿಗೆ ಅದು ನಾಳೆ ನಿಮ್ಮ ಹೆಗಲಿಗೆ ಬೀಳಬಹುದಾದ ಸಾಲ. ಕಂತು ಸರಿಯಾಗಿ ಹೋಗುತ್ತಿದ್ದುದರಿಂದ ಸ್ಕೋರು ಕೆಡಲಿಲ್ಲ. ಹೊಣೆಯ ಲೆಕ್ಕದಲ್ಲಿ ಮಾತ್ರ ಅದು ಕಲ್ಲಿನಂತೆ ಕೂತಿತ್ತು.

ಇಲ್ಲೇ ಇರುವುದು ನೋಡಿ ಗುಟ್ಟು. ‘ನೀವು ತಗೊಂಡ ಸಾಲವನ್ನು ಹೇಳಿದ ಸಮಯಕ್ಕೆ ತೀರಿಸುವವರೇ?’ ಎಂಬುದಕ್ಕೆ ಸ್ಕೋರು ಉತ್ತರ ಕೊಡುತ್ತದೆ. ‘ಇನ್ನಷ್ಟು ಸಾಲ ಹೊರುವ ಶಕ್ತಿ ನಿಮಗಿದೆಯೇ?’ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಬ್ಯಾಂಕು ಸಂಬಳ ನೋಡುತ್ತದೆ, ಕಂತುಗಳನ್ನು ಕೂಡಿಸುತ್ತದೆ, ಇರುವ ಕಾರ್ಡಿನ ಮಿತಿಯಲ್ಲಿ ಎಷ್ಟು ಬಳಸಿದ್ದೀರಿ ಎಂದು ಅಳೆಯುತ್ತದೆ. ಸಂಬಳದಲ್ಲಿ ಅರ್ಧದಷ್ಟು ಕಂತಿಗೇ ಹೋಗುವಂತಿದ್ದರೆ ಸಾಮಾನ್ಯವಾಗಿ ಹೊಸ ಸಾಲಕ್ಕೆ ಹಿಂಜರಿಯುತ್ತಾರೆ. ಕಾರ್ಡಿನ ಮಿತಿಯಲ್ಲಿ ಶೇ 30ರೊಳಗೆ ಬಳಸಿದರೆ ಚೆಂದ ಅನ್ನುವುದು ರೂಢಿಯ ಮಾತು. ನಾವು ಬಳಸಿದ್ದು ಶೇ 80! ಬಾಕಿ ವರ್ಗಾವಣೆ ಬೇಕಾಗುವುದೇ ಬಾಕಿ ಹೆಚ್ಚಿದವರಿಗೆ, ಬ್ಯಾಂಕು ಹಿಂಜರಿಯುವುದೂ ಬಾಕಿ ಹೆಚ್ಚಿದವರಿಗೇ. ಎಂಥ ವಿಚಿತ್ರ ಅಲ್ಲವೇ?

ಇನ್ನೊಂದು ಸಂಗತಿ. 2023ರ ನವೆಂಬರ್ 16ರಂದು ರಿಸರ್ವ್ ಬ್ಯಾಂಕ್ ಕ್ರೆಡಿಟ್ ಕಾರ್ಡ್ ಬಾಕಿಗೆ ಬ್ಯಾಂಕುಗಳು ಎತ್ತಿಡಬೇಕಾದ ಬಂಡವಾಳದ ಲೆಕ್ಕವನ್ನು ಬಿಗಿ ಮಾಡಿತು. ಅಡವಿಲ್ಲದ ಇಂಥ ಸಾಲ ವಿಪರೀತ ಬೆಳೆಯುತ್ತಿದೆ ಎಂಬ ಆತಂಕದಿಂದ ಆದ ಕ್ರಮ ಅದು. ಅಂಥ ಸಾಲ ಕೊಡುವುದು ಬ್ಯಾಂಕಿಗೂ ದುಬಾರಿಯಾಯಿತು. ಮೊದಲು ಮನೆ ಬಾಗಿಲಿಗೆ ಬಂದು ಕಾರ್ಡ್ ಕೊಡುತ್ತಿದ್ದವರು ಈಗ ಕೈ ಬಿಗಿ ಹಿಡಿದಿದ್ದರೆ ಅದಕ್ಕೆ ಇದೂ ಒಂದು ಕಾರಣ. ಅಂದರೆ ‘ಇಲ್ಲ’ ಅನ್ನುವುದು ನಿಮ್ಮ ಮರ್ಯಾದೆಯ ಮೇಲಿನ ತೀರ್ಪಲ್ಲ. ಅದು ಅವರ ವ್ಯಾಪಾರದ ಲೆಕ್ಕ.

ಬೇಬಾಕಿ ಪತ್ರದ ಕಥೆ

ಟ್ರ್ಯಾಕ್ಟರ್ ಸಾಲದ ಬಗ್ಗೆ ಕಾಕಾನ ಮಗನಿಗೆ ಫೋನ್ ಹಚ್ಚಿದರೆ ಅವನು ನಕ್ಕುಬಿಟ್ಟ. ‘ಅಣ್ಣಾ, ಅದನ್ನ 2023ರಾಗ ಶುಂಠಿ ಮಾರಿ ತೀರಿಸೇನಲ್ಲ! ಬೇಬಾಕಿ ಪತ್ರಾನೂ ಟ್ರಂಕಿನ್ಯಾಗ ಐತಿ.’

ಸಾಲ ತೀರಿ ಎರಡು ವರ್ಷವಾಗಿದ್ದರೂ ಸಾಲ ಕೊಟ್ಟವರು ಮಾಹಿತಿ ಬದಲಿಸಿರಲಿಲ್ಲ. ಇಲ್ಲದ ಸಾಲದ ಹೊರೆ ಹೊತ್ತು ನಾವು ಬ್ಯಾಂಕಿನಿಂದ ಬ್ಯಾಂಕಿಗೆ ಅಲೆದಿದ್ದೆವು!

ವರದಿ ಕೊಟ್ಟ ಸಂಸ್ಥೆಯ ಜಾಲತಾಣದಲ್ಲೇ ತಕರಾರು ಸಲ್ಲಿಸಲು ಜಾಗ ಇರುತ್ತದೆ. ಬೇಬಾಕಿ ಪತ್ರದ ಫೋಟೋ ಲಗತ್ತಿಸಿ ಸಲ್ಲಿಸಿದೆವು. ಸಾಲ ಕೊಟ್ಟವರಿಗೂ ಅದನ್ನೇ ಬರೆದೆವು. ನಿಯಮ ಏನೆಂದರೆ, ತಕರಾರು 30 ದಿನದಲ್ಲಿ ಇತ್ಯರ್ಥವಾಗಬೇಕು. ತಪ್ಪಿದರೆ ದಿನಕ್ಕೆ 100 ರೂಪಾಯಿಯಂತೆ ದೂರುದಾರರಿಗೆ ಪರಿಹಾರ. 2023ರ ಅಕ್ಟೋಬರ್‌ನಲ್ಲಿ ಹೊರಟ ಈ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನಮ್ಮದು 24ನೇ ದಿನಕ್ಕೆ ಸರಿಯಾಯಿತು. ‘ಚಾಲ್ತಿ’ ಹೋಗಿ ‘ಮುಕ್ತಾಯ’ ಬಂತು. ಆ ಒಂದು ಪದ ನೋಡಿ ನಮ್ಮನೆಯವರು ಅವತ್ತು ಪೇಟೆಯಿಂದ ಜಿಲೇಬಿ ತಂದರು.

ತಕರಾರಿಗೆ ಸರಿಯಾದ ಉತ್ತರ ಸಿಗದಿದ್ದರೆ, ಅಥವಾ ಬ್ಯಾಂಕು ನಿಮ್ಮ ದೂರಿಗೆ 30 ದಿನವಾದರೂ ಉತ್ತರಿಸದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಖರ್ಚಿಲ್ಲ, ವಕೀಲರು ಬೇಕಿಲ್ಲ. ಸಾಲ ಮಾಹಿತಿ ಸಂಸ್ಥೆಗಳ ಮೇಲಿನ ದೂರನ್ನೂ ಅಲ್ಲಿ ತೆಗೆದುಕೊಳ್ಳುತ್ತಾರೆ. 14448ಕ್ಕೆ ಫೋನ್ ಮಾಡಿದರೆ ಮಾಹಿತಿ ಸಿಗುತ್ತದೆ. ಆದರೆ ನೆನಪಿಡಿ. ‘ನನಗೆ ಕಾರ್ಡ್ ಕೊಡಿಸಿ’ ಅಂತ ಅಲ್ಲಿ ಹಟ ಮಾಡಲಾಗದು. ಕೊಡುವುದು ಬಿಡುವುದು ಬ್ಯಾಂಕಿನ ಇಷ್ಟ. ಕಾರಣ ಹೇಳಲಿಲ್ಲ, ತಪ್ಪು ಮಾಹಿತಿ ತಿದ್ದಲಿಲ್ಲ ಎಂಬುದು ಮಾತ್ರ ನ್ಯಾಯವಾದ ದೂರು.

ಪಾಟ್ಲಿ ಬ್ಯಾಂಕಿಗೆ ಹೋದದ್ದು

ಇತ್ತ ತಕರಾರು ನಡೆಯುತ್ತಿದ್ದರೆ ಅತ್ತ ಕಾರ್ಡಿನ ಬಡ್ಡಿ ನಿಲ್ಲುವುದೇ? ತಿಂಗಳಿಗೆ ನಾಲ್ಕೂವರೆ ಸಾವಿರದಂತೆ ಉರಿಯುತ್ತಲೇ ಇತ್ತು. ಒಂದು ರಾತ್ರಿ ಊಟದ ಹೊತ್ತಿಗೆ ಅತ್ತೆ ಮೆಲ್ಲಗೆ ಕೋಲೂರಿಕೊಂಡು ಬಂದು ತಮ್ಮ ಬೋರಮಾಳ ಸರ ನನ್ನ ಮುಂದಿಟ್ಟರು. ‘ನನ್ನ ಸಲುವಾಗಿ ಆದ ಸಾಲ. ಇದನ್ನ ಇಟ್ಟು ಬಗಿಹರಿಸವ್ವಾ. ನನಗೆಲ್ಲ ಗೊತ್ತೈತಿ.’ ನಾವು ಗುಟ್ಟು ಅಂದುಕೊಂಡಿದ್ದು ಮನೆಯಲ್ಲಿ ಗುಟ್ಟೇ ಆಗಿರಲಿಲ್ಲ. ಅವರ ಸರ ಅವರ ಕೊರಳಿಗೇ ಹಾಕಿ, ‘ನಿಮ್ಮದು ಬ್ಯಾಡ ಅತ್ತಿ’ ಅಂತ ನನ್ನ ಎರಡು ಪಾಟ್ಲಿ ತೆಗೆದೆ. ಕಣ್ಣಲ್ಲಿ ನೀರು ಬರಲಿಲ್ಲ ಅಂದರೆ ಸುಳ್ಳಾಗುತ್ತದೆ.

ಆದರೆ ಲೆಕ್ಕ ನೋಡಿ. ಉಳಿದಿದ್ದ ಬಾಕಿ ಸುಮಾರು 1,12,500. ಬ್ಯಾಂಕಿನಲ್ಲಿ ಬಂಗಾರ ಇಟ್ಟು ವರ್ಷಕ್ಕೆ ಶೇ 10ರ ಬಡ್ಡಿಯಲ್ಲಿ 1,12,000 ತಂದು, ಮೇಲಿನ ಚಿಲ್ಲರೆ ಕೈಯಿಂದ ಹಾಕಿ ಕಾರ್ಡ್ ಪೂರ್ತಿ ಚುಕ್ತಾ ಮಾಡಿದೆವು. ಕಾರ್ಡಿಗೆ ತಿಂಗಳ ಬಡ್ಡಿ ತೆರಿಗೆ ಸೇರಿ 4,600 ಇದ್ದದ್ದು ಬಂಗಾರದ ಸಾಲಕ್ಕೆ 935 ರೂಪಾಯಿಗೆ ಇಳಿಯಿತು. ಅದೇ ತಿಂಗಳಿಗೆ 6,200ರಂತೆ ಕಟ್ಟುತ್ತ ಹೋದರೆ ಕಾರ್ಡಿನ ಸಾಲ ತೀರಲು 34 ತಿಂಗಳು ಬೇಕಿತ್ತು. ಬಂಗಾರದ ಸಾಲ 20 ತಿಂಗಳಿಗೆ ತೀರುತ್ತದೆ. ಉಳಿತಾಯ ಹತ್ತಿರ ಹತ್ತಿರ 90 ಸಾವಿರ!

ಬಂಗಾರ ಇಡುವವರಿಗೆ ಒಂದು ಕಿವಿಮಾತು. ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊರಡಿಸಿದ, 2026ರ ಏಪ್ರಿಲ್ 1ರೊಳಗೆ ಜಾರಿಗೆ ತರಬೇಕೆಂದು ಹೇಳಿದ ನಿಯಮಗಳ ಪ್ರಕಾರ, ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಬಂಗಾರದ ಬೆಲೆಯ ಶೇ 85ರವರೆಗೆ ಕೊಡಬಹುದು. ಸಾಲ ತೀರಿದ ಏಳು ಕೆಲಸದ ದಿನಗಳೊಳಗೆ ಒಡವೆ ವಾಪಸು ಕೊಡಬೇಕು. ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಹಾಗಂತ ಶೇ 85 ಕೊಡುತ್ತಾರೆಂದು ಅಷ್ಟೂ ತೆಗೆಯಬೇಡಿ. ಬೇಕಾದಷ್ಟೇ ತೆಗೆಯಿರಿ. ಕಂತು ಬಿದ್ದು ಹೋದರೆ ಒಡವೆ ಹರಾಜಿಗೆ ಹೋಗುತ್ತದೆ.

ಬಂಗಾರ ಇಲ್ಲದವರು ಮೊದಲು ಕೇಳಬೇಕಾದದ್ದು ತಮ್ಮ ಕಾರ್ಡಿನ ಬ್ಯಾಂಕನ್ನೇ. ‘ಈ ಬಾಕಿಯನ್ನು ಕಂತಿಗೆ ಬದಲಿಸಿ ಕೊಡುತ್ತೀರಾ?’ ಅಂತ ಕೇಳಿದರೆ ಎಷ್ಟೋ ಸಲ ಒಪ್ಪುತ್ತಾರೆ. ಬಡ್ಡಿ ಶೇ 42ಕ್ಕಿಂತ ಎಷ್ಟೋ ಕಡಿಮೆ ಇರುತ್ತದೆ. ಫಿಕ್ಸೆಡ್ ಡಿಪಾಸಿಟ್ ಇದ್ದರೆ ಅದರ ಮೇಲೆ ಸಾಲ ಸಿಗುತ್ತದೆ, ಸಂಬಳ ಬರುವ ಬ್ಯಾಂಕಿನಲ್ಲಿ ವೈಯಕ್ತಿಕ ಸಾಲ ಕೇಳಬಹುದು. ಆದರೆ ಕಾರ್ಡಿನ ಸಾಲ ತೀರಿಸಲು ವಾರದ ಕಂತಿನ ಸಾಲಕ್ಕೋ ಮೊಬೈಲ್ ಆ್ಯಪಿನ ಸಾಲಕ್ಕೋ ಕೈ ಹಾಕಬೇಡಿ. ವಸೂಲಿಯ ಕಿರುಕುಳ ತಡೆಯಲು ನಮ್ಮ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು ಅಂದರೆ ಪರಿಸ್ಥಿತಿ ಎಲ್ಲಿಗೆ ಹೋಗಿತ್ತು ಯೋಚಿಸಿ.

ನಿಮ್ಮ ಹೆಸರಿನಲ್ಲಿ ಏನಿದೆ?

ಈ ಗಲಾಟೆಯ ನಡುವೆ ನನ್ನದೂ ವರದಿ ತೆಗೆದು ನೋಡಿದೆ. ಖಾಲಿ! ಸ್ಕೋರಿನ ಜಾಗದಲ್ಲಿ ಅಂಕಿಯೇ ಇಲ್ಲ. ಆರು ವರ್ಷ ಆ ಕಾರ್ಡಿನ ಬಿಲ್ಲನ್ನು ತಾರೀಖು ತಪ್ಪದೇ ಕಟ್ಟಿಸಿದವಳು ನಾನು. ವರದಿಯಲ್ಲಿ ಹೆಸರು ಬಂದದ್ದು ಅವರದ್ದು. ಬೇಜಾರಾಗಿ ಅಲ್ಲ, ನಾಳೆಯ ಯೋಚನೆಯಿಂದ ಹೇಳುತ್ತಿದ್ದೇನೆ. ನಾಳೆ ಟೈಲರಿಂಗ್ ಅಂಗಡಿಗೋ ಹೈನುಗಾರಿಕೆಗೋ ನಾವು ನಮ್ಮ ಹೆಸರಿನಲ್ಲಿ ಸಾಲ ಕೇಳಿದಾಗ ಬ್ಯಾಂಕು ನಮ್ಮನ್ನು ಗುರುತಿಸುವುದು ಹೇಗೆ?

ಮೊದಲ ಸಲ ಸಾಲ ಕೇಳುವವರನ್ನು ಸಾಲದ ಚರಿತ್ರೆ ಇಲ್ಲ ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. 2025ರಲ್ಲಿ ಹಣಕಾಸು ಸಚಿವಾಲಯ ಲೋಕಸಭೆಯಲ್ಲೂ ಇದನ್ನು ಸ್ಪಷ್ಟಪಡಿಸಿತು. ಆದರೂ ಒಂದು ಸಣ್ಣ ಚರಿತ್ರೆ ಇದ್ದರೆ ಒಳ್ಳೆಯದೇ. ನಾನೀಗ ಲೇಖನಗಳ ಗೌರವಧನ ಕೂಡಿಟ್ಟು ನನ್ನ ಹೆಸರಿನಲ್ಲಿ 20 ಸಾವಿರದ ಫಿಕ್ಸೆಡ್ ಡಿಪಾಸಿಟ್ ಮಾಡಿ, ಅದರ ಆಧಾರದ ಮೇಲೆ ಒಂದು ಸಣ್ಣ ಕಾರ್ಡ್ ತಗೊಂಡಿದ್ದೇನೆ. ಸಂಬಳದ ಚೀಟಿ ಕೇಳಲಿಲ್ಲ. ತಿಂಗಳಿಗೆ ಗ್ಯಾಸ್ ಸಿಲಿಂಡರ್, ಕರೆಂಟ್ ಬಿಲ್, ಅಷ್ಟೇ ಅದರಲ್ಲಿ. ಬಿಲ್ ಬಂದ ದಿನವೇ ಪೂರ್ತಿ ಚುಕ್ತಾ.

ಅರ್ಜಿ ಹಾಕುವ ಮುನ್ನ, ತಿರಸ್ಕಾರದ ನಂತರ

* ಅರ್ಜಿಗೆ ಮೊದಲು ನಾಲ್ಕೂ ಸಂಸ್ಥೆಗಳ ಉಚಿತ ವರದಿ ತೆಗೆದು ಪೂರ್ತಿ ಓದಿ. ಬರೀ ಸ್ಕೋರು ನೋಡಿ ಮುಚ್ಚಿಡಬೇಡಿ. ಜಾಮೀನು, ಜಂಟಿ ಸಾಲ, ತೀರಿದ ಹಳೇ ಸಾಲಗಳ ಸ್ಥಿತಿ ಗಮನಿಸಿ.

* ವರ್ಗಾವಣೆಗೆ ಕೇಳುವ ಮೊದಲೇ ನಿಮ್ಮ ಊರಿನ ಪಿನ್ ಕೋಡಿಗೆ ಆ ಬ್ಯಾಂಕಿನ ಕಾರ್ಡ್ ಸೇವೆ ಇದೆಯೇ, ಎಷ್ಟು ಸಂಬಳ ಇರಬೇಕು ಎಂದು ಫೋನಿನಲ್ಲೇ ವಿಚಾರಿಸಿ.

* ಕಡಿಮೆ ಬಡ್ಡಿ ಎಷ್ಟು ತಿಂಗಳು, ಆಮೇಲೆ ಎಷ್ಟು, ಶುಲ್ಕ ಎಷ್ಟು, ಜಿಎಸ್‌ಟಿ ಎಷ್ಟು? ನಾಲ್ಕನ್ನೂ ಕಾಗದದ ಮೇಲೆ ಬರೆದು ಕೂಡಿಸಿ.

* ಒಂದು ಕಡೆ ‘ಇಲ್ಲ’ ಅಂದರೆ ಅಲ್ಲೇ ನಿಲ್ಲಿ. ಕಾರಣವನ್ನು ಲಿಖಿತವಾಗಿ ಕೇಳಿ. ಅದು ತಿಳಿಯುವವರೆಗೆ ಎರಡನೇ ಅರ್ಜಿ ಬೇಡ.

* ‘ದುಡ್ಡು ಕೊಟ್ಟರೆ ಸ್ಕೋರು ಏರಿಸಿ ಕೊಡುತ್ತೇವೆ’ ಅನ್ನುವ ಏಜೆಂಟರನ್ನು ಹತ್ತಿರ ಬಿಟ್ಟುಕೊಳ್ಳಬೇಡಿ. ತಪ್ಪು ತಿದ್ದಿಸಲು ಖರ್ಚಿಲ್ಲ. ನಿಜವಾದ ಬಾಕಿಯನ್ನು ಯಾರೂ ಅಳಿಸಲಾರರು.

* ಸಾಲ ತೀರಿದ ದಿನವೇ ಬೇಬಾಕಿ ಪತ್ರ ಪಡೆಯಿರಿ. ಎರಡು ತಿಂಗಳ ನಂತರ ವರದಿಯಲ್ಲಿ ‘ಮುಕ್ತಾಯ’ ಆಗಿದೆಯೇ ನೋಡಿ. ಜಾಮೀನುದಾರರಿಗೂ ಒಂದು ಪ್ರತಿ ಕೊಡಿ.

* ಮಿನಿಮಮ್ ಡ್ಯೂ ಕಟ್ಟುವುದು ಒಂದೆರಡು ತಿಂಗಳ ಆಪದ್ಧರ್ಮ ಮಾತ್ರ. ಅದನ್ನೇ ರೂಢಿ ಮಾಡಿಕೊಳ್ಳಬೇಡಿ.

ಮೊನ್ನೆ ನಮ್ಮನ್ನು ಮೊದಲು ತಿರಸ್ಕರಿಸಿದ ಬ್ಯಾಂಕಿನಿಂದಲೇ ಫೋನ್ ಬಂದಿತ್ತು. ‘ಸರ್, ನಿಮಗೆ ಕಾರ್ಡ್ ಮಂಜೂರಾಗುವ ಅರ್ಹತೆ ಇದೆ.’ ನಮ್ಮನೆಯವರು ನನ್ನ ಮುಖ ನೋಡಿದರು. ‘ಸದ್ಯಕ್ಕ ಸಾಧ್ಯ ಇಲ್ರೀ, ಕ್ಷಮಿಸ್ರಿ’ ಅಂತ ಹೇಳಿ ಇಟ್ಟುಬಿಟ್ಟರು. ಸೇಡಿಗಲ್ಲ. ಈಗ ಬೇಕಿಲ್ಲ ಅಷ್ಟೇ. ಪಾಟ್ಲಿ ಇನ್ನೂ ಬ್ಯಾಂಕಿನಲ್ಲೇ ಇವೆ, ತಿಂಗಳು ತಿಂಗಳು ಸಾಲ ಇಳಿಯುತ್ತಿದೆ.

ನನ್ನ ಲೆಕ್ಕದ ವಹಿಯಲ್ಲಿ ಈಗ ಒಂದು ಹೊಸ ಪುಟ ಸೇರಿದೆ. ಮೇಲೆ ‘ಜಾಮೀನು’ ಅಂತ ಬರೆದು ಯಾರಿಗೆ, ಎಲ್ಲಿ, ಎಷ್ಟಕ್ಕೆ, ಯಾವತ್ತು ತೀರುತ್ತದೆ ಅಂತ ನಾಲ್ಕು ಗೆರೆ ಎಳೆದಿದ್ದೇನೆ. ಅದನ್ನು ನೋಡಿದ ಅತ್ತೆ ಹೇಳಿದರು, ‘ಕೊಟ್ಟದ್ದು ಬರೀಬೇಕು, ತಗೊಂಡದ್ದು ಬರೀಬೇಕು. ಸಹಿ ಮಾಡಿದ್ದನ್ನ ಮಾತ್ರ ನಾವು ಯಾರೂ ಬರೀಲಿಲ್ಲ ನೋಡವ್ವಾ.’

ನಿಮ್ಮ ಮನೆಯ ವಹಿಯಲ್ಲಿ ಆ ಪುಟ ಇದೆಯೇ? ಇಲ್ಲದಿದ್ದರೆ ಇವತ್ತು ರಾತ್ರಿ ಊಟದ ಹೊತ್ತಿಗೆ ಒಂದು ಮಾತು ಕೇಳಿ ನೋಡಿ. ‘ರೀ, ನೀವು ಯಾರಿಗಾದರೂ ಜಾಮೀನು ಹಾಕೀರೇನು?’